12 ಸೆಕೆಂಡಿನ ಓಟಕ್ಕೆ ವರ್ಷದ ಓಡಾಟ

ಮಗಳ ಮೊದಲ ಎಲೀಟ್ (ಹಿರಿಯರ ವಿಭಾಗದ) ಟ್ರ್ಯಾಕ್ ಸೈಕ್ಲಿಂಗ್ ನ್ಯಾಷನಲ್ಸ್ ಮುಗಿಸಿಕೊಂಡು ದೆಹಲಿಯಿಂದ ಪುಣೆಗೆ ಬಂದಿದ್ದೇವೆ. ಚೀಲ ಇನ್ನೂ ಪೂರ್ತಿ ಬಿಚ್ಚಿಲ್ಲ. ಅಷ್ಟರಲ್ಲೇ ಪಿಂಪಳೆ ಗುರವದ ನಮ್ಮ ಕನ್ನಡದವರು ಫೋನ್ ಮಾಡಲು ಶುರು ಮಾಡಿದ್ದಾರೆ. "ನಮ್ಮ ಹುಡುಗನೂ ಸೈಕಲ್ ಭಾರಿ ಹೊಡೀತಾನ್ರೀ, ಟ್ರ್ಯಾಕ್‌ಗೆ ಹಾಕಬೇಕಂದ್ರ ಏನ್ ಮಾಡಬೇಕು?" ಅಂತ. ಇದು ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ತರಬೇತಿ ಹೇಗಿರಬೇಕು ಅನ್ನುವುದನ್ನು ಕೋಚ್ ಹೇಳುತ್ತಾರೆ, ಅದರಲ್ಲಿ ನನಗೇನೂ ಗೊತ್ತಿಲ್ಲ. ಕಾಗದ, ದುಡ್ಡು, ಔಷಧಿ, ಕಾಯುವುದು, ಇವುಗಳ ಬಗ್ಗೆ ಮಾತ್ರ ನಾನು ಹೇಳಬಲ್ಲೆ. ಇದನ್ನು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಜೆ ಉಳಿಯುತ್ತಿತ್ತು.

ನಾನು ಭೋಸರಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಟೂಲ್‌ರೂಮ್ ಫಿಟರ್. ಊರು ವಿಜಯಪುರದ ಹತ್ತಿರ. ಮಗಳು ಹುಟ್ಟಿದ್ದು ಊರಲ್ಲಿ, ಬೆಳೆದದ್ದು ಇಲ್ಲಿ. ಈಗ ಬಿ.ಕಾಂ ಓದುತ್ತಿದ್ದಾಳೆ.

ಮೊದಲು ವಯಸ್ಸಿನ ಲೆಕ್ಕ ತಿಳಿದುಕೊಳ್ಳಿ. ಸೈಕ್ಲಿಂಗ್‌ನಲ್ಲಿ ಹುಟ್ಟಿದ ತಾರೀಖಿಗೆ ಬೆಲೆ ಇಲ್ಲ, ಹುಟ್ಟಿದ ವರ್ಷಕ್ಕೆ ಬೆಲೆ. ಸ್ಪರ್ಧೆ ನಡೆಯುವ ವರ್ಷದಲ್ಲಿ ಹುಟ್ಟಿದ ವರ್ಷ ಕಳೆಯಿರಿ. 17, 18 ಬಂದರೆ ಜೂನಿಯರ್. 19 ಬಂದರೆ ಎಲೀಟ್. ನನ್ನ ಮಗಳು ಹುಟ್ಟಿದ್ದು ಡಿಸೆಂಬರ್ ಕೊನೆಯಲ್ಲಿ. ಹೀಗಾಗಿ ಅವಳಿಗೆ 18 ತುಂಬಿದ ವಾರವೇ ಹೊಸ ವರ್ಷ ಬಂತು, ಅವಳು ಎಲೀಟ್ ಆದಳು. ಆ ಕ್ಷಣದಿಂದ ಅವಳ ಎದುರಾಳಿಗಳು ಕಾಲೇಜು ಹುಡುಗಿಯರಲ್ಲ. ರೈಲ್ವೆಯಲ್ಲಿ ನೌಕರಿ ಇರುವವರು, ವರ್ಷಗಟ್ಟಲೆ ದೆಹಲಿಯ ಕ್ಯಾಂಪ್‌ನಲ್ಲಿ ಇದ್ದವರು, 25-26 ವಯಸ್ಸಿನ ಗಟ್ಟಿ ಕಾಲಿನವರು. ಜೂನಿಯರ್‌ನಲ್ಲಿ ಪದಕ ಗೆದ್ದ ಮಕ್ಕಳು ಈ ಒಂದು ವರ್ಷದಲ್ಲೇ ಸೈಕಲ್ ಬಿಡುವುದು ಜಾಸ್ತಿ ಅಂತ ಕೋಚ್ ಮೊದಲೇ ಹೇಳಿದ್ದರು. ದೂರವೂ ಬದಲಾಗುತ್ತದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಎಲೀಟ್ ಮಹಿಳೆಯರ ಟೈಮ್ ಟ್ರಯಲ್, ಅಂದರೆ ಗಡಿಯಾರದ ಎದುರಿನ ಓಟ, ಮೊದಲು 500 ಮೀಟರ್ ಇತ್ತು. 2025ರಿಂದ ಗಂಡಸರಂತೆ 1 ಕಿಲೋಮೀಟರ್. ಕೊನೆಯ 300 ಮೀಟರ್‌ನಲ್ಲಿ ಕಾಲು ಕಲ್ಲಾಗುತ್ತದೆ ಅಂತ ಮಗಳು ಹೇಳುತ್ತಾಳೆ.

ಇನ್ನು ಸೈಕಲ್. ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇಲ್ಲ, ಬದಲಾಯಿಸುವ ಗೇರ್ ಇಲ್ಲ, ಫ್ರೀವೀಲ್ ಕೂಡ ಇಲ್ಲ. ಗಾಲಿ ತಿರುಗುವಷ್ಟು ಹೊತ್ತು ಪೆಡಲ್ ತಿರುಗುತ್ತಲೇ ಇರುತ್ತದೆ. ವೇಗ ಇಳಿಸಬೇಕಂದರೆ ಪೆಡಲ್ ಮೇಲೆ ಹಿಂದಕ್ಕೆ ಒತ್ತಡ ಕೊಡಬೇಕು, ಇಲ್ಲವೇ ಟ್ರ್ಯಾಕ್‌ನ ಇಳಿಜಾರಿನಲ್ಲಿ ಮೇಲಕ್ಕೆ ಹತ್ತಬೇಕು. ಊರಿಗೆ ಹೋದಾಗ ಬೆಲೆ ಕೇಳಿ ನಮ್ಮ ಅಪ್ಪ ಹೌಹಾರಿದರು. "ಬ್ರೇಕ್ ಇಲ್ಲ, ಗಂಟಿ ಇಲ್ಲ, ಸ್ಟ್ಯಾಂಡ್ ಇಲ್ಲ. ಇಷ್ಟ್ಯಾಕ ರೊಕ್ಕಾ ಕೊಟ್ಟಿ ಇದಕ್ಕ?" ಅಂದರು. ಅವರ ಪ್ರಶ್ನೆ ನ್ಯಾಯವಾದದ್ದೇ.

ಹೊಸದರ ಆಸೆ ನಾವು ಮಾಡಲಿಲ್ಲ. ಆಟ ಬಿಟ್ಟ ಒಬ್ಬ ಸವಾರರ ಹತ್ತಿರ ಅಲ್ಯೂಮಿನಿಯಂ ಫ್ರೇಮಿನ ಹಳೇ ಸೈಕಲ್ ಸಿಕ್ಕಿತು. 70 ಸಾವಿರ ಕೊಟ್ಟೆ. ಕಾರ್ಬನ್ ಫ್ರೇಮು, ಹಿಂದಿನ ಡಿಸ್ಕ್ ಗಾಲಿ (ಕಡ್ಡಿ ಇಲ್ಲದ, ತಟ್ಟೆಯಂತೆ ಮುಚ್ಚಿದ ಗಾಲಿ) ಅಂತ ಹೊರಟರೆ ಲಕ್ಷಗಳ ಮಾತು. ಮೊದಲ ವರ್ಷಕ್ಕೆ ಅದು ಬೇಡ. ಡಿಸ್ಕ್ ಗಾಲಿಯನ್ನು ಸ್ಪರ್ಧೆಯ ದಿನಕ್ಕೆ ಕೇಳಿದರೆ ಹಿರಿಯ ಸವಾರರು ಕೊಡುತ್ತಾರೆ. ಈ ಆಟದಲ್ಲಿ ಆ ಒಳ್ಳೆಯತನ ಇದೆ.

ಹಳೇ ಸೈಕಲ್ ಕೊಳ್ಳುವವರು ಹಿಂದಿನ ಹಬ್‌ನ (ಗಾಲಿಯ ನಡುವಿನ ಗುಂಬದ) ಆಟೆ, ಅಂದರೆ ಥ್ರೆಡ್ ನೋಡಿ. ಫ್ರೇಮಿನ ಬಣ್ಣ ಹೋಗಿದ್ದರೂ ಪರವಾಗಿಲ್ಲ. ಸ್ಪ್ರಾಕೆಟ್, ಅಂದರೆ ಹಿಂದಿನ ಹಲ್ಲಿನ ಚಕ್ರ, ಬಲಕ್ಕೆ ತಿರುಗಿ ಕೂರುತ್ತದೆ. ಅದನ್ನು ಮೇಲಿಂದ ಹಿಡಿದಿಡುವ ಬಳೆ ಲಾಕ್‌ರಿಂಗ್‌ಗೆ ಉಲ್ಟಾ ಆಟೆ, ಎಡಕ್ಕೆ ತಿರುಗಿಸಿದರೆ ಬಿಗಿ. ಯಾಕಂದರೆ ಸವಾರ ಪೆಡಲನ್ನು ಹಿಂದಕ್ಕೆ ಒತ್ತಿದಾಗ ಸ್ಪ್ರಾಕೆಟ್ ಬಿಚ್ಚಿಕೊಳ್ಳಲು ನೋಡುತ್ತದೆ. ಉಲ್ಟಾ ಆಟೆ ಅದನ್ನು ತಡೆಯುತ್ತದೆ. ಇದು ಗೊತ್ತಿಲ್ಲದ ಮೆಕ್ಯಾನಿಕ್ ಜೋರು ಮಾಡಿದರೆ ಅಲ್ಯೂಮಿನಿಯಂ ಹಬ್ ಹಾಳು. ನಾವು ನೋಡಿದ ಮೊದಲ ಸೈಕಲ್ ಹೀಗೇ ಹಾಳಾಗಿತ್ತು, ಬೇಡ ಅಂದು ಬಂದೆವು. ಚೈನು 1/8 ಇಂಚಿನದು, ರೋಡ್ ಸೈಕಲ್‌ನ ತೆಳು ಚೈನು ಇದಕ್ಕೆ ಆಗಿಬರಲ್ಲ. ಗೇರ್ ಬದಲಿಸುವುದು ಅಂದರೆ ಇಲ್ಲಿ ಸ್ಪ್ರಾಕೆಟ್ಟೋ ಮುಂದಿನ ಹಲ್ಲಿನ ಚಕ್ರ ಚೈನ್‌ರಿಂಗೋ ಬಿಚ್ಚಿ ಬೇರೆ ಹಾಕುವುದು. ಮಗಳು ಅಭ್ಯಾಸಕ್ಕೆ ಮುಂದೆ 49 ಹಲ್ಲು, ಹಿಂದೆ 14 ಹಲ್ಲು ಹಾಕುತ್ತಾಳೆ. ಪೆಡಲ್ ಒಂದು ಸುತ್ತು ಬಂದರೆ ಗಾಲಿ ಮೂರೂವರೆ ಸುತ್ತು, 7 ಮೀಟರ್‌ಗಿಂತ ಜಾಸ್ತಿ ದೂರ. ಹಾಗಾಗಿ ಸೈಕಲ್ ಜೊತೆ ಒಂದೆರಡು ಹೆಚ್ಚಿನ ಚೈನ್‌ರಿಂಗ್, ಸ್ಪ್ರಾಕೆಟ್‌ಗಳ ಖರ್ಚೂ ಬರುತ್ತದೆ.

ಅಭ್ಯಾಸ ಬಾಲೇವಾಡಿಯಲ್ಲಿ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಶಿವಛತ್ರಪತಿ ಕ್ರೀಡಾ ಸಂಕೀರ್ಣ ಅದು. ಅಲ್ಲಿಯ ವೆಲೊಡ್ರೋಮ್‌ಗೆ, ಅಂದರೆ ಸೈಕಲ್ ಟ್ರ್ಯಾಕ್‌ಗೆ, ಚಾವಣಿ ಇಲ್ಲ. ಪುಣೆಯ ಮಳೆ ನಿಮಗೆ ಗೊತ್ತಲ್ವಾ? ಜೂನ್ ಬಂತಂದರೆ ಟ್ರ್ಯಾಕ್ ಒದ್ದೆ. ಒದ್ದೆ ಸಿಮೆಂಟಿನ ಇಳಿಜಾರಿನ ಮೇಲೆ ಬ್ರೇಕ್ ಇಲ್ಲದ ಸೈಕಲ್ ಓಡಿಸುವ ಮಾತೇ ಇಲ್ಲ. ಸೆಪ್ಟೆಂಬರ್ ತನಕ ಮನೆಯಲ್ಲೇ ರೋಲರ್. ಮೂರು ಉರುಳೆಗಳ ಮೇಲೆ ಸೈಕಲ್ ನಿಲ್ಲಿಸಿ ನಿಂತಲ್ಲೇ ತುಳಿಯುವ ಸಾಮಾನು. ಬೆಳಿಗ್ಗೆ ಐದಕ್ಕೆ ಅವಳು ಶುರು ಮಾಡಿದರೆ ಕೆಳಗಿನ ಮನೆಯ ಕಾಕು ಮೇಲೆ ಬಂದು ಬಾಗಿಲು ಬಡಿಯುತ್ತಿದ್ದರು. ಹಳೇ ರಬ್ಬರ್ ಕನ್ವೇಯರ್ ಬೆಲ್ಟ್ ತುಂಡು ತಂದು ಕೆಳಗೆ ಹಾಸಿದೆ. ಸದ್ದು ಅರ್ಧ ಇಳಿಯಿತು, ಕಾಕು ಸಿಟ್ಟೂ ಇಳಿಯಿತು. ಮಳೆ ಬಿಟ್ಟ ದಿನ ಕಾತ್ರಜ್ ಘಾಟ್, ಸಿಂಹಗಡದ ರಸ್ತೆ. ಅಲ್ಲಿಗೆ ರೋಡ್ ಸೈಕಲ್ ಬೇರೆ ಬೇಕು.

ಈಗ ಕಾಗದದ ವಿಷಯ. ಇಲ್ಲಿ ನಿಧಾನವಾಗಿ ಓದಿ, ಕರ್ನಾಟಕದಿಂದ ಬಂದವರಿಗೆ ಇದೇ ದೊಡ್ಡ ಘಾಟ್.

ಮೊದಲ ಪ್ರಶ್ನೆ, ಯಾವ ರಾಜ್ಯ? ಅಪ್ಪ ಇದಕ್ಕೂ ಮುನಿಸಿಕೊಂಡಿದ್ದರು. "ನಮ್ಮ ಬಿಜಾಪುರ, ಬಾಗಲಕೋಟಿ ಕಡೆ ಓಣಿಗೊಬ್ಬರು ಸೈಕಲ್ ಹೊಡಿಯಾವ್ರು ಅದಾರ. ನಮ್ಮ ಹುಡುಗಿ ಹೋಗಿ ಮಹಾರಾಷ್ಟ್ರಕ್ಕ ಆಡೂದಾ?" ಅವರ ಮಾತಲ್ಲಿ ಸುಳ್ಳಿಲ್ಲ. ಸೈಕ್ಲಿಂಗ್ ಕ್ರೀಡಾ ನಿಲಯ ಇರುವುದೂ ಆ ಕಡೆಯೇ. ಆದರೆ ಅವಳ ಶಾಲೆ, ಕಾಲೇಜು, ಕೋಚ್, ಟ್ರ್ಯಾಕ್ ಎಲ್ಲ ಪುಣೆಯಲ್ಲಿ. ಇದನ್ನು ಮೊದಲೇ ಮನೆಯವರೆಲ್ಲ ಕೂತು ತೀರ್ಮಾನ ಮಾಡಿಬಿಡಿ. ಒಮ್ಮೆ ಒಂದು ರಾಜ್ಯದಿಂದ ಓಡಿದ ಮೇಲೆ ಬದಲಾಯಿಸಬೇಕಂದರೆ ಹಳೇ ರಾಜ್ಯದ ಸಂಘದ ಎನ್‌ಒಸಿ ಬೇಕಾಗುತ್ತದೆ, ಅದಕ್ಕೆ ಕಾಯುತ್ತಾ ಸೀಸನ್ ಹೋಗುತ್ತದೆ.

ಎರಡನೆಯದು ಜನನ ಪ್ರಮಾಣ ಪತ್ರ. ನಮ್ಮದು ಕೈಬರಹದ್ದು, ಪೂರ್ತಿ ಕನ್ನಡದಲ್ಲಿತ್ತು. ಅದರಲ್ಲಿ ಮಗುವಿನ ಹೆಸರೇ ಇರಲಿಲ್ಲ. "ಹೆಣ್ಣು" ಅಂತ ಮಾತ್ರ ಇತ್ತು, ಅಪ್ಪ-ಅಮ್ಮನ ಹೆಸರಿತ್ತು. ಆಗ ನಾಮಕರಣಕ್ಕೆ ಮೊದಲೇ ನೋಂದಣಿ ಮಾಡಿಸುತ್ತಿದ್ದರು, ಎಷ್ಟೋ ಮನೆಗಳಲ್ಲಿ ಹೀಗೇ ಇದೆ. ಪುಣೆಯ ಕೌಂಟರಿನಲ್ಲಿದ್ದವರು ಆ ಕಾಗದವನ್ನು ಮೇಲೆ ಕೆಳಗೆ ಮಾಡಿ ನೋಡಿ ವಾಪಸ್ ಕೊಟ್ಟರು. ಹೆಸರು ಸೇರಿಸಿ ಹೊಸ ಪ್ರತಿ ತೆಗೆಸಲು ಊರಿಗೆ ಹೋಗಬೇಕಾಯಿತು. ಕಚೇರಿಯಲ್ಲಿ ಒಬ್ಬರು ರಜೆ, ಇನ್ನೊಬ್ಬರ ಹತ್ತಿರ ಬೀಗದ ಕೈ ಇಲ್ಲ. ಕೊನೆಗೆ ಇ-ಜನ್ಮದ (ಕರ್ನಾಟಕದ ಜನನ-ಮರಣ ನೋಂದಣಿಯ ಆನ್‌ಲೈನ್ ವ್ಯವಸ್ಥೆ) ಮುದ್ರಿತ ಪ್ರತಿ ಸಿಕ್ಕಿತು. ಅದರಲ್ಲಿ ಕನ್ನಡದ ಜೊತೆ ಇಂಗ್ಲಿಷ್ ಕೂಡ ಇರುತ್ತದೆ, ಇಲ್ಲಿಯವರು ತಕರಾರು ಮಾಡಲ್ಲ. ನಿಮ್ಮ ಮಗುವಿನ ಹಳೇ ಪತ್ರ ಇವತ್ತೇ ತೆಗೆದು ನೋಡಿ. ಹೆಸರು ಇಲ್ಲದಿದ್ದರೆ ಈಗಲೇ ಸೇರಿಸಿ. ಹಬ್ಬಕ್ಕೆ ಊರಿಗೆ ಹೋದಾಗ ಮಾಡೋಣ ಅಂದುಕೊಳ್ಳಬೇಡಿ, ಹಬ್ಬದ ದಿನ ಕಚೇರಿಗೂ ಹಬ್ಬವೇ.

ಮೂರನೆಯದು ಹೆಸರಿನ ಜಗಳ. ಮಹಾರಾಷ್ಟ್ರದ ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಮಗುವಿನ ಹೆಸರು, ಆಮೇಲೆ ಅಪ್ಪನ ಹೆಸರು. ಆಧಾರ್‌ನಲ್ಲಿ ನಾವು ಮಾಡಿಸಿದ್ದು ಹೆಸರು ಮತ್ತು ಅಡ್ಡಹೆಸರು ಮಾತ್ರ. ಹೊಸ ಜನನ ಪತ್ರದಲ್ಲಿ ಬರೀ ಹೆಸರು. ಒಂದೇ ಹುಡುಗಿ, ಮೂರು ಕಾಗದದಲ್ಲಿ ಮೂರು ಹುಡುಗಿಯರು. ಎಲ್ಲಾ ಒಬ್ಬಳೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ಆಮೇಲೆ ಆಧಾರ್ ತಿದ್ದಿಸಿದೆವು. ಅಂಕಪಟ್ಟಿಯನ್ನು ಮುಟ್ಟಲು ಹೋಗಬೇಡಿ, ಅದು ವರ್ಷದ ಕೆಲಸ. ಉಳಿದ ಕಾಗದಗಳನ್ನು ಅಂಕಪಟ್ಟಿಗೆ ಹೊಂದಿಸಿ.

ನಾಲ್ಕನೆಯದು ಡೊಮಿಸೈಲ್, ಅಂದರೆ ಈ ರಾಜ್ಯದ ನಿವಾಸಿ ಅನ್ನುವ ಪ್ರಮಾಣ ಪತ್ರ. ಮಹಾರಾಷ್ಟ್ರದಲ್ಲಿ 15 ವರ್ಷ ಇದ್ದದ್ದಕ್ಕೆ ಪುರಾವೆ ಕೊಟ್ಟರೆ ಸಿಗುತ್ತದೆ. ಮುಂದೆ ಸರ್ಕಾರಿ ನೌಕರಿಯಲ್ಲಿ ಕ್ರೀಡಾಪಟುಗಳಿಗೆ ಇರುವ 5 ಪ್ರತಿಶತ ಮೀಸಲು ಬೇಕಂದರೆ ಇದು ಕೈಯಲ್ಲಿರಬೇಕು. ಬಾಡಿಗೆ ಮನೆಯವರ ಕಷ್ಟ ಏನಂದರೆ ಲೈಟ್ ಬಿಲ್ ಯಾವಾಗಲೂ ಮಾಲೀಕರ ಹೆಸರಲ್ಲಿ. ನಾವು ಮನೆ ಬದಲಿಸಿದ್ದೂ ಜಾಸ್ತಿ. ಒಬ್ಬ ಹಳೇ ಮಾಲೀಕರು ಕಾಗದಕ್ಕೆ ಸಹಿ ಮಾಡಲು ಹೆದರಿದರು, ಬಾಡಿಗೆದಾರ ಮನೆ ಮೇಲೆ ಹಕ್ಕು ಹೇಳುತ್ತಾನೇನೋ ಅಂತ. ನಮ್ಮನ್ನು ಉಳಿಸಿದ್ದು ಶಾಲೆಯ ಬೋನಾಫೈಡ್ ಪತ್ರಗಳು. ಬಾಲವಾಡಿಯಿಂದ ಹಿಡಿದು ಪ್ರತಿ ಶಾಲೆಯದ್ದನ್ನೂ ನನ್ನ ಹೆಂಡತಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಳು. ನನ್ನ ಪಿಎಫ್ ದಾಖಲೆಯೂ ಸ್ವಲ್ಪ ಕೆಲಸಕ್ಕೆ ಬಂತು.

ಒಂದು ಅನುಕೂಲ ನಮಗಿತ್ತು. ಭೋಸರಿ, ಚಿಂಚವಡ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಆವತ್ತು ಸರ್ಕಾರಿ ಕಚೇರಿಗಳು ತೆಗೆದಿರುತ್ತವೆ. ಐಟಿಯವರಿಗೆ ಈ ಭಾಗ್ಯ ಇಲ್ಲ.

ರಾಜ್ಯ ತಂಡಕ್ಕೆ ಆಯ್ಕೆಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಸಮಯ ತೆಗೆಯುತ್ತಾರೆ, ಪಟ್ಟಿ ಹಾಕುತ್ತಾರೆ. ಬಯಲಿನ ಟ್ರ್ಯಾಕ್ ಆದ್ದರಿಂದ ಮಧ್ಯಾಹ್ನ ಗಾಳಿ ಎದ್ದರೆ ಅದೃಷ್ಟ ಕೈಕೊಡುತ್ತದೆ. ಮಗಳ ಸರದಿ ಬೆಳಿಗ್ಗೆಯೇ ಬಂತು.

ಇದರ ನಡುವೆ ಒಂದು ಗಂಡಾಂತರ ತಪ್ಪಿತು. ಆಗಸ್ಟ್‌ನ ಥಂಡಿಗೆ ಮಗಳಿಗೆ ಕೆಮ್ಮು ಹಿಡಿಯಿತು. ಹತ್ತಿರದ ಡಾಕ್ಟರ್ ಎಲ್ಲರಿಗೂ ಕೊಡುವ ಸಿರಪ್ಪನ್ನೇ ಬರೆದರು. ಮಗಳು ಮುಚ್ಚಳ ತೆಗೆಯುವ ಮೊದಲು ಲೇಬಲ್ ಓದಿದಳು. ಟರ್ಬುಟಲೀನ್ ಅಂತ ಇತ್ತು. ನಮ್ಮಲ್ಲಿ ಮಾರುವ ಎಷ್ಟೋ ಕಫದ ಸಿರಪ್‌ಗಳಲ್ಲಿ ಇದು ಇರುತ್ತದೆ. ಮಾಮೂಲಿ ಜನರಿಗೆ ಒಳ್ಳೆಯ ಔಷಧಿ. ಆದರೆ ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾದ ಪಟ್ಟಿಯಲ್ಲಿ ಇದು ನಿಷಿದ್ಧ, ಸ್ಪರ್ಧೆ ಇರಲಿ ಇಲ್ಲದಿರಲಿ. ಡಾಕ್ಟರ್ ಕೊಟ್ಟರು ಅನ್ನುವ ಮಾತು ಅಲ್ಲಿ ನಡೆಯಲ್ಲ. ದೇಹದಲ್ಲಿ ಏನು ಸಿಕ್ಕರೂ ಜವಾಬ್ದಾರಿ ಆಟಗಾರರದ್ದೇ. ಡಾಕ್ಟರ್‌ಗೆ ವಾಪಸ್ ಹೋಗಿ ಹೇಳಿದಾಗ ಅವರಿಗೂ ಆಶ್ಚರ್ಯ. ಬೇರೆ ಬರೆದುಕೊಟ್ಟರು, ಪಾಪ.

ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದವರದ್ದು 'ನೋ ಯುವರ್ ಮೆಡಿಸಿನ್' ಅಂತ ಆ್ಯಪ್ ಇದೆ. ಔಷಧಿಯ ಹೆಸರು ಹಾಕಿದರೆ ಹೇಳುತ್ತದೆ. ಉಬ್ಬಸ ಇರುವ ಮಕ್ಕಳು ಸಾಲ್ಬುಟಮಾಲ್ ಪಂಪ್ ತೆಗೆದುಕೊಳ್ಳಬಹುದು, ಆದರೆ ಅದಕ್ಕೂ ಮಿತಿ ಇದೆ: 24 ಗಂಟೆಯಲ್ಲಿ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ದಾಟುವಂತಿಲ್ಲ. ಜಿಮ್‌ನವರು ಕೊಡುವ ಪುಡಿಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮನೆಯೊಳಗೆ ತರಬೇಡಿ. ಶೇಂಗಾ, ಮೊಟ್ಟೆ, ಮೊಸರು ಸಾಕು.

ದೆಹಲಿಗೆ ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಹೋದೆವು. ಬೆಳಗಾವಿ ಮೇಲೆ ಬರುವ ಗಾಡಿ, ಬೋಗಿಯಲ್ಲಿ ಅರ್ಧ ಜನ ಕನ್ನಡದವರು. ವಿಮಾನದಲ್ಲಿ ಸೈಕಲ್ ಪೆಟ್ಟಿಗೆಯ ತೂಕಕ್ಕೆ ಬೇರೆ ದುಡ್ಡು ಕೊಡಬೇಕು, ಅದು ನಮ್ಮ ಕೈಗೆ ಎಟುಕಲಿಲ್ಲ. ರೈಲಿನಲ್ಲಿ ಎರಡು ದಾರಿ. ಪಾರ್ಸೆಲ್ ಮಾಡಿ ಬ್ರೇಕ್ ವ್ಯಾನ್‌ಗೆ ಹಾಕಬಹುದು. ಇಲ್ಲವೇ ಗಾಲಿ, ಹ್ಯಾಂಡಲ್, ಪೆಡಲ್ ಬಿಚ್ಚಿ ಬ್ಯಾಗಿಗೆ ಹಾಕಿ ಸೀಟಿನ ಕೆಳಗೆ ತಳ್ಳಬಹುದು. ನಾವು ಎರಡನೆಯದು ಮಾಡಿದೆವು. ಫೋರ್ಕಿನ ಎರಡು ಕಾಲುಗಳ ನಡುವೆ, ಹಿಂದಿನ ಗಾಲಿ ಕೂರುವ ಜಾಗದಲ್ಲಿ ಒಂದೊಂದು ಗಟ್ಟಿ ಕಟ್ಟಿಗೆ ತುಂಡು ಸಿಗಿಸಿ ಕಟ್ಟಿ. ಯಾರಾದರೂ ಟ್ರಂಕ್ ಇಟ್ಟರೂ ಫ್ರೇಮ್ ಒಳಗೆ ಬಾಗಲ್ಲ. ಗಾಲಿಗಳನ್ನು ಮೇಲಿನ ಬರ್ತ್‌ನಲ್ಲಿ ಮಗಳು ಪಕ್ಕದಲ್ಲೇ ಮಲಗಿಸಿಕೊಂಡಳು. ಎದುರಿಗೆ ಕೂತ ಬೆಳಗಾವಿಯ ಅಜ್ಜಿ ಚಪಾತಿ, ಶೇಂಗಾ ಚಟ್ನಿ ಕೊಟ್ಟು, "ಒಲಿಂಪಿಕ್‌ಗೆ ಹೊಂಟೀಯೇನವಾ?" ಅಂತ ಕೇಳಿದರು. ಮಗಳು ನಕ್ಕಳು. 1964ರ ಟೋಕಿಯೊ ನಂತರ ಭಾರತದ ಯಾವ ಸೈಕ್ಲಿಸ್ಟೂ ಒಲಿಂಪಿಕ್ಸ್‌ಗೆ ಹೋಗಿಲ್ಲ ಅಂತ ಆ ಅಜ್ಜಿಗೆ ಹೇಗೆ ಹೇಳುವುದು?

ಇಂದಿರಾ ಗಾಂಧಿ ಕ್ರೀಡಾಂಗಣದ ವೆಲೊಡ್ರೋಮ್ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟಿದ್ದು. 250 ಮೀಟರ್, ಒಳಾಂಗಣ, ಸೈಬೀರಿಯಾದ ಪೈನ್ ಮರದ ಹಲಗೆ. 2022ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ರೊನಾಲ್ಡೊ ಸಿಂಗ್ ಸ್ಪ್ರಿಂಟ್‌ನಲ್ಲಿ ಬೆಳ್ಳಿ ಗೆದ್ದದ್ದು ಇದೇ ಹಲಗೆಯ ಮೇಲೆ. ಮೊದಲ ಸಲ ಒಳಗೆ ಹೋಗಿ ತಿರುವಿನ ಕೆಳಗೆ ನಿಂತು ಮೇಲೆ ನೋಡಿದೆ. ಜಾತ್ರೆಯಲ್ಲಿ ಬೈಕ್ ಓಡಿಸುವ ಸಾವಿನ ಬಾವಿಯ ಗೋಡೆ ನೆನಪಾಯಿತು. ನಡೆದು ಹತ್ತಲು ಆಗದಷ್ಟು ಕಡಿದು. ಸಿಮೆಂಟಿನ ಮೇಲೆ ಕಲಿತ ಮಕ್ಕಳಿಗೆ ಮೊದಲ ದಿನ ಇಲ್ಲಿ ಎದೆ ನಡುಗುತ್ತದೆ. ತಿರುವಿನಲ್ಲಿ ಹೆದರಿ ನಿಧಾನ ಮಾಡಿದರೆ ಗಾಲಿ ಜಾರುತ್ತದೆ. ಹೆದರದೆ ವೇಗ ಇಟ್ಟರೆ ಆ ವೇಗವೇ ಬೀಳದಂತೆ ಹಿಡಿಯುತ್ತದೆ. ಮಗಳು ಮೊದಲು ಕೆಳಗಿನ ನೀಲಿ ಪಟ್ಟೆಯಲ್ಲೇ ಸುತ್ತಿದಳು, ಆಮೇಲೆ ಕಪ್ಪು ಗೆರೆ, ಕೆಂಪು ಗೆರೆ, ಕೊನೆಗೆ ಮೇಲಿನ ಬೇಲಿಯ ತನಕ. ಆಗುವುದಾದರೆ ಸ್ಪರ್ಧೆಗೆ ಕೆಲವು ದಿನ ಮೊದಲೇ ಹೋಗಿ. ಅಭ್ಯಾಸಕ್ಕೆ ಸಿಗುವ ಸಮಯ ಕಡಿಮೆ, ರಾಜ್ಯಗಳು ಜಾಸ್ತಿ. ಬಿದ್ದರೆ ಹಲಗೆಯ ಸಿಬಿರು ಚರ್ಮದೊಳಗೆ ಹೋಗುತ್ತದೆ. ಚಿಮುಟ ಮತ್ತು ಡೆಟಾಲ್ ಇಟ್ಟುಕೊಂಡಿರಿ.

ಸ್ಪರ್ಧೆಗೆ ಮೊದಲು ಸೈಕಲ್ ಅಳೆಯುತ್ತಾರೆ. ತೂಕ 6.8 ಕಿಲೋಗ್ರಾಂಗಿಂತ ಕಡಿಮೆ ಇರಬಾರದು. ನಮ್ಮ ಹಳೇ ಅಲ್ಯೂಮಿನಿಯಂಗೆ ಆ ಚಿಂತೆ ಇರಲಿಲ್ಲ.

ಮಗಳು ಇಳಿದದ್ದು ಸ್ಪ್ರಿಂಟ್‌ಗೆ, ಅಂದರೆ ಇಬ್ಬಿಬ್ಬರ ಜೋಡಿ ಓಟಕ್ಕೆ. ಅದರ ಅರ್ಹತಾ ಸುತ್ತು ಫ್ಲೈಯಿಂಗ್ 200. ಮೂರೂವರೆ ಸುತ್ತು ಹೊಡೆಯುತ್ತಾರೆ, ಗಡಿಯಾರ ಓಡುವುದು ಕೊನೆಯ 200 ಮೀಟರ್‌ಗೆ ಮಾತ್ರ. ಮಗಳು ಬೇಲಿಯ ಹತ್ತಿರ ಮೇಲೆ ಹೋದಳು, ಅಲ್ಲಿಂದ ಇಳಿದಳು, 12 ಸೆಕೆಂಡು ಚಿಲ್ಲರೆ. ನಾನು ಇನ್ನೂ ಉಸಿರು ಬಿಟ್ಟಿರಲಿಲ್ಲ, ಮುಗಿದಿತ್ತು. ಅವಳ ಜೀವನದ ಅತ್ಯಂತ ವೇಗದ ಸಮಯ. ಪಟ್ಟಿಯಲ್ಲಿ ಮಾತ್ರ ಕೆಳಗೆ. ಮುಂದಿನ ಸುತ್ತಿಗೆ ಹೋದಳು, ಆದರೆ ಸ್ಪ್ರಿಂಟ್‌ನಲ್ಲಿ ಎಲ್ಲರಿಗಿಂತ ವೇಗದವರಿಗೆ ಎಲ್ಲರಿಗಿಂತ ನಿಧಾನದವರನ್ನು ಜೋಡಿ ಹಾಕುತ್ತಾರೆ. ಕಷ್ಟಪಟ್ಟು ಒಳಗೆ ಬಂದವರಿಗೆ ಬಹುಮಾನ ಅಂದರೆ ಚಾಂಪಿಯನ್ ಜೊತೆ ಓಟ. ಸೋತಳು. ದುಃಖ ಅವಳಿಗಿಂತ ನನಗೆ ಜಾಸ್ತಿ ಆಯಿತು. ಅವಳು ನೀರು ಕುಡಿದು, "ಅಪ್ಪಾ, ಆಕೀ ಹಿಂದ ಒಂದು ಸುತ್ತು ಅಂಟಕೊಂಡಿದ್ದೆ, ನೋಡಿದೇನು?" ಅಂದಳು.

ಎಲ್ಲ ಮುಗಿಯಿತು ಅಂದುಕೊಳ್ಳುವಾಗ ಒಬ್ಬ ಮಹಿಳೆ ಬಂದು ಡೋಪ್ ಪರೀಕ್ಷೆ ಅಂದರು. ಗೆದ್ದವರನ್ನು ಮಾತ್ರ ಕರೆಯುತ್ತಾರೆ ಅನ್ನುವುದು ಸುಳ್ಳು, ಯಾರನ್ನು ಬೇಕಾದರೂ ಕರೆಯಬಹುದು. ಸಹಿ ಮಾಡಿಸಿಕೊಂಡ ಮೇಲೆ ಅವರು ಮಗಳನ್ನು ಕಣ್ಣಿಂದ ಮರೆಯಾಗಲು ಬಿಡಲಿಲ್ಲ. ಕನಿಷ್ಠ 90 ಮಿಲಿ ಮೂತ್ರ ಬೇಕು, ಅದೂ ಒಬ್ಬ ಮಹಿಳಾ ಅಧಿಕಾರಿಯ ಎದುರಲ್ಲೇ. ಓಡಿ ಬೆವರಿದ ಹುಡುಗಿಗೆ, ಯಾರೋ ನೋಡುತ್ತಾ ನಿಂತಾಗ, ಹೇಗೆ ಬರಬೇಕು? ಗಂಟೆಗಟ್ಟಲೆ ಕೂತಳು. ಸುಮ್ನೆ ಬಾಟಲಿ ಮೇಲೆ ಬಾಟಲಿ ನೀರು ಕುಡಿಯಬೇಡಿ. ಮೂತ್ರ ತೀರಾ ತೆಳುವಾದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಕೊಡಬೇಕು. ನೀರಿಗೆ ಮುದ್ರೆ ಹಾಕಿದ ಬಾಟಲಿಯನ್ನೇ ಆರಿಸಿಕೊಳ್ಳಿ, ನೀವೇ ತೆರೆಯಿರಿ. ಹಿಂದಿನ 7 ದಿನ ತೆಗೆದುಕೊಂಡ ಔಷಧಿ ಎಲ್ಲವನ್ನೂ ಫಾರಂನಲ್ಲಿ ಬರೆಸುತ್ತಾರೆ. ಡಾಕ್ಟರ್ ಚೀಟಿ ಜೊತೆಗಿರಲಿ. ಎ ಮತ್ತು ಬಿ ಅಂತ ಎರಡು ಬಾಟಲಿಗೆ ಹಾಕಿ ಮುಚ್ಚುತ್ತಾರೆ, ನಂಬರ್ ತಾಳೆ ನೋಡಿ ಸಹಿ ಮಾಡಿ. ಆಟಗಾರರ ಜೊತೆ ಒಬ್ಬರು ಹೋಗಬಹುದು. ಹುಡುಗಿಯರ ಜೊತೆ ಅಮ್ಮನೋ ತಂಡದ ಅಕ್ಕನೋ ಹೋದರೆ ಅವರಿಗೆ ಸಮಾಧಾನ. ನಾನು ಹೊರಗೆ ಬೆಂಚಿನ ಮೇಲೆ, ಆರಿಹೋದ ರಾಜ್ಮಾ ಅನ್ನದ ಡಬ್ಬಿ ಹಿಡಿದು ಕೂತಿದ್ದೆ.

ಖರ್ಚು ಎಲ್ಲರೂ ಕೇಳುತ್ತಾರೆ. ಹಳೇ ಸೈಕಲ್, ರೋಲರ್, ಟ್ಯೂಬುಲರ್ ಟೈರುಗಳು, ಹೆಲ್ಮೆಟ್, ಶೂ, ಪಹರ್‌ಗಂಜ್‌ನ ಲಾಡ್ಜ್, ಕಾಗದಕ್ಕೆ ಊರಿಗೆ ಓಡಾಟ, ಎಲ್ಲ ಸೇರಿ ಒಂದೂವರೆ ಲಕ್ಷ ದಾಟಿತು. ಊಟದ ಖರ್ಚು ಇದರಲ್ಲಿ ಇಲ್ಲ. ಇದು ಕಡಿಮೆಯಲ್ಲಿ ಮುಗಿಸಿದ ಲೆಕ್ಕ. ಪಟ್ಟಿಯಲ್ಲಿ ಕೆಳಗಿರುವವರಿಗೆ ಇದು ಯಾವ ದಾರಿಯಿಂದಲೂ ವಾಪಸ್ ಬರಲ್ಲ. ಅದನ್ನು ತಿಳಿದೇ ಇಳಿಯಿರಿ.

ಕಾಲೇಜಿನಲ್ಲಿ ಹಾಜರಾತಿ ಕಡಿಮೆ ಆಗಿದೆ. ಭಾಗವಹಿಸಿದ ಪ್ರಮಾಣ ಪತ್ರದ ಪ್ರತಿ ಕೊಟ್ಟು ಬಂದಿದ್ದೇವೆ, ಉತ್ತರ ಬಂದಿಲ್ಲ. ಮಗಳು ಈಗಾಗಲೇ ಬಾಲೇವಾಡಿಗೆ ಹೋಗಲು ಶುರು ಮಾಡಿದ್ದಾಳೆ. ದೊಡ್ಡ ಗೇರ್ ಬೇಕು, 52 ಹಲ್ಲಿನ ಚೈನ್‌ರಿಂಗ್ ಹುಡುಕು ಅಂತ ನನಗೆ ಹೇಳಿದ್ದಾಳೆ. ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಲಾಕ್‌ರಿಂಗ್ ಬಿಚ್ಚಲು ನಾನೇ ಮಾಡಿಕೊಂಡ ಒಂದು ಪಾನಾ ಇದೆ, ಗಟ್ಟಿ ಉಕ್ಕಿನದು, ಹಲ್ಲು ಜಾರಲ್ಲ. ಬೇಕಾದವರು ಗುರುವಾರ ಮನೆಗೆ ಬನ್ನಿ. ಮುಂದಿನ ಗುರುವಾರ ಮಾತ್ರ ಬೇಡ, ಡೊಮಿಸೈಲ್ ತರಲು ಹೋಗಬೇಕು.